ಆಜಾನ್ ಆದರೂ ನಿಲ್ಲದ ಸ್ವರ

ಕೈರೋ
ಮಂಗಳವಾರ, ಫೆಬ್ರವರಿ ೭

ನನ್ನ ಶಹೀರಾ, ನನ್ನ ಕಣ್ಣಿನ ಬೆಳಕೇ,

ಸಿಕ್ಕಿತು ಕಣೇ, ಸಿಕ್ಕಿತು! ನಿನ್ನ ತಮ್ಮ ಮುಹಾಬನ ಕೊನೆಯ ಕಛೇರಿಯ ರೆಕಾರ್ಡಿಂಗ್ ಆಗಲೇ ಇಲ್ಲ ಎಂದು ನಾವೆಲ್ಲ ಕೈಬಿಟ್ಟಿದ್ದೆವಲ್ಲ, ಅದು ಇವತ್ತು ಬೆಳಿಗ್ಗೆ ನನ್ನದೇ ಹೊಸ ಮನೆಯಲ್ಲಿ, ನನ್ನದೇ ಮದುವೆಯ ಗಾಜಿನ ಬೀರುವಿನಲ್ಲಿ, ಪಿಂಗಾಣಿ ಕಪ್ಪುಗಳ ಹಿಂದೆ ಸಿಕ್ಕಿತು! ಮೂರು ಸಲ ಅತ್ತೆ, ಒಂದು ಸಲ ನಕ್ಕೆ, ಪಕ್ಕದ ಮನೆಯ ಮುದುಕಿ ಹಾಜ್ಜಾ ಗೋಡೆ ಬಡಿದು "ಹೊಸ ಮದುವಣಗಿತ್ತಿ, ಏನಮ್ಮಾ ಆಯ್ತು?" ಎಂದು ಕೇಳಿದಳು. ಏನೂ ಇಲ್ಲ, ಒಳ್ಳೆಯ ಸುದ್ದಿ ಎಂದೆ.

ಇಲ್ಲಿಗೇ ಕಾಗದ ಮಡಚಿಡಬೇಡ. ನಿನ್ನ ಕಾಲಿಗೆ ಬೀಳುತ್ತೇನೆ, ಓದು. ಧ್ವನಿ ಸಂದೇಶ ಕಳಿಸಿದರೆ ನೀನು ತೆರೆಯುವುದಿಲ್ಲ, ಫೋನ್ ಎತ್ತುವುದಿಲ್ಲ, ಅದಕ್ಕೇ ಕಾಗದ ಹಿಡಿದು ಕೂತಿದ್ದೇನೆ. ಸನ್ಯಾಸಿನಿಯರ ಇಂಗ್ಲಿಷ್ ಶಾಲೆಯಲ್ಲಿ ಓದಿದ ನಮ್ಮಿಬ್ಬರ ಅರಬ್ಬಿ ಕೈಬರಹ ನೋಡಿ ಮೇಷ್ಟ್ರು "ಇದೇನ್ರಮ್ಮ, ಕೋಳಿ ಕೆದರಿದ ಹಾಗಿದೆ" ಎನ್ನುತ್ತಿದ್ದರು. ಇವತ್ತು ಅದೇ ಕೋಳಿ ಕೆದರುತ್ತಿದೆ, ಸಹಿಸಿಕೋ.

ಮದುವೆಗೆ ನೀನು ಬರಲಿಲ್ಲವೆಂದು ನನಗೆ ಸಿಟ್ಟಿಲ್ಲ. ಕೈಯ ಮದರಂಗಿ ಇನ್ನೂ ಮಾಸಿಲ್ಲ, ಶಹೀರಾ, ಈಗಲೂ ಹಾಜಿಂ ಬಾಗಿಲು ತೆರೆದು ಒಳಗೆ ಬಂದರೆ ನಾನು ಕನ್ನಡಿ ನೋಡಿಕೊಳ್ಳಲು ಓಡುತ್ತೇನೆ. ಅವನು ಒಲೆಯ ಮುಂದೆ ನಿಂತು ಬೇಳೆ ಕಲಕುವುದನ್ನು ನೋಡಬೇಕು ನೀನು. ಕಛೇರಿಯಲ್ಲಿ ಸೌಂಡ್ ಮಿಕ್ಸರ್ ಮುಂದೆ ನಿಂತ ಹಾಗೇ ನಿಲ್ಲುತ್ತಾನೆ, ತಲೆ ಒಂದು ಕಡೆ ವಾಲಿಸಿ, ಕುದಿಯುವ ಸದ್ದನ್ನು ಕೇಳುತ್ತಾ, ಉಪ್ಪನ್ನು ಗುಂಡಿ ತಿರುಗಿಸಿದ ಹಾಗೆ ಹಾಕುತ್ತಾನೆ. ನನಗೆ ಇಷ್ಟು ಸುಖ ಸಿಕ್ಕಿರುವಾಗ ನೀನು ಕದ ಹಾಕಿಕೊಂಡು ಕೂತಿರುವುದು ನನ್ನ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿದೆ.

ಮದುವೆ ಮಂಟಪದಲ್ಲಿ ಸೌಂಡ್ ಹಾಕಿದವರು ಹಾಜಿಂನ ಗೆಳೆಯರೇ. ಪ್ರೀತಿ ಹೆಚ್ಚಾಗಿ ಸದ್ದು ಎಷ್ಟು ಏರಿಸಿದ್ದರೆಂದರೆ ನನ್ನ ದೊಡ್ಡಪ್ಪನ ಕಿವಿಯಂತ್ರ ಕೂಗಿಕೊಂಡು ಅವರು ಅದನ್ನು ಕಿತ್ತು ಜೇಬಿಗೆ ಹಾಕಿಕೊಂಡರು. ಆ ಗದ್ದಲದಲ್ಲಿ ನಿನ್ನ ಅಮ್ಮ, ನಮ್ಮೆಲ್ಲರಿಗೂ ಚಿಕ್ಕಮ್ಮನಂತಿರುವ ತಾಂತ್ ಸುಹೈರ್, ಬಂದರು. ಶೋಕದ ಕಪ್ಪು ಬಟ್ಟೆಯಲ್ಲೇ ಬಂದರು, ಆದರೆ ಚಪ್ಪಾಳೆ ತಟ್ಟಿದರು, ಊಟ ಮಾಡಿದರು, ನನ್ನನ್ನು ಕೂರಿಸಿದ ಕುರ್ಚಿಯ ಬಳಿ ಬಂದು ನಾಲಿಗೆ ಹೊರಳಿಸಿ ಶುಭದ ಕೇಕೆಯನ್ನೂ ಹಾಕಿದರು. ಆಮೇಲೆ ನನ್ನ ಮುಸುಕು ಸರಿಮಾಡುವ ನೆಪದಲ್ಲಿ ಕಿವಿಯ ಹತ್ತಿರ ಬಗ್ಗಿದರು.

"ಯುಮ್ನಾ, ನನ್ನ ಮಗ ಅದೇನು ಮಾಡ್ತಿದ್ನೋ ನಂಗೆ ಇವತ್ತಿಗೂ ಗೊತ್ತಿಲ್ಲ ಕಣಮ್ಮ. ಬಾಗ್ಲು ಹಾಕ್ಕೊಂಡು ಗುಂಯ್ ಅನ್ನಿಸ್ತಿದ್ದ. ಫ್ರಿಜ್ ಕೆಟ್ಟಿದೆ ಅಂತ ಎರಡ್ಸಲ ರಿಪೇರಿಯವನ್ನ ಕರ್ಸಿದೀನಿ. ಒಂದಿನಾನೂ ಹೋಗಿ ಕೂತು ಕೇಳ್ಲಿಲ್ಲ. ಆ ಕೊನೇದನ್ನ ಒಂದ್ಸಲ ಕೇಳಿಸ್ತೀಯಾ? ನಿನ್ ಗಂಡ ತಾನೆ ಅವತ್ತು ಮೆಷಿನ್ ನೋಡ್ಕೊಂಡಿದ್ದು?"

ನಾನು ಹಾಜಿಂ ಕಡೆ ತಿರುಗಿದೆ. ಅವನು ಕೋಟಿನ ಹೂವು ನೇರ ಮಾಡಿಕೊಳ್ಳುತ್ತಾ, "ಅವತ್ತು ರೆಕಾರ್ಡಿಂಗ್ ಓಡ್ಲೇ ಇಲ್ಲ, ತಾಂತ್ ಸುಹೈರ್. ದೇವರಾಣೆ ನಂಗೂ ಬೇಜಾರಿದೆ" ಎಂದ. ಎರಡು ವರ್ಷದಿಂದ ಎಲ್ಲರಿಗೂ ಹೇಳುತ್ತಿರುವ ಮಾತು ಅದೇ. ನಿನ್ನ ಅಮ್ಮ ಅವನ ಕೆನ್ನೆ ತಟ್ಟಿ, "ಇರ್ಲಿ ಬಿಡು ಮಗನೇ, ಸುಖವಾಗಿರಿ" ಎಂದು ಹೋಗಿ ಕೂತರು. ಆಮೇಲೆ ಚಪ್ಪಾಳೆ ತಟ್ಟಲಿಲ್ಲ.

ಸಂಗೀತದ ಸುದ್ದಿ ನನಗೆ ಬರೆಯಬೇಡ ಎಂದಿದ್ದೀಯ. ಬರೆಯದಿದ್ದರೆ ನಾನು ನಾನೇ ಅಲ್ಲ, ಇದು ನಿನಗೂ ಗೊತ್ತು. ಇಲ್ಲಿ ಮನ್ಸೂರಾದ ಇಬ್ಬರು ಹುಡುಗಿಯರು 'ಫೀಶಾ' ಎಂದು ಹೆಸರಿಟ್ಟುಕೊಂಡು ನುಡಿಸುತ್ತಾರೆ. ಗೋಡೆಗೆ ಚುಚ್ಚುವ ಪ್ಲಗ್ಗಿನ ಹೆಸರು! ಒಬ್ಬಳ ಬಳಿ ಅರ್ಧ ಕೀಲಿಗಳು ಸತ್ತಿರುವ ಸಿಂಥ್ ಕೀಬೋರ್ಡು, ಇನ್ನೊಬ್ಬಳ ಬಳಿ ಅಜ್ಜಿಯ ಮದುವೆಯ ಮಣ್ಣಿನ ಡೋಲು. ಆ ಡೋಲನ್ನು ಅವಳು ಮೈಕಿಗೆ ತಾಗಿಸಿ ಉಗುರಿನಿಂದ ಕೆರೆದರೆ ಬೆನ್ನುಹುರಿಯಲ್ಲಿ ನೀರು ಹರಿದ ಹಾಗೆ. ಇನ್ನೊಂದು ತಂಡದ ಹೆಸರು 'ನೆಲಮಹಡಿ', ಆದರೆ ಅವರು ನುಡಿಸುವುದು ಯಾವಾಗಲೂ ತಾರಸಿಯ ಮೇಲೆ. ಮದುವೆಯಾದ ವಾರವೇ ಹಾಜಿಂ ನನ್ನನ್ನು ಅವರ ಕಛೇರಿಗೆ ಕರೆದುಕೊಂಡು ಹೋದ. ಇಲ್ಲಿನ ದುಕ್ಕಿ ಬಡಾವಣೆಯ ಒಂದು ಮನೆಯ ಮೇಲೆ ಪ್ಲಾಸ್ಟಿಕ್ ಕುರ್ಚಿ, ಒಣಹಾಕಿದ ಬಟ್ಟೆ, ಪಾರಿವಾಳದ ಗೂಡು, ನಡುವೆ ನಾವು. ಮಧ್ಯದಲ್ಲಿ ಪೊಲೀಸ್ ಅಧಿಕಾರಿ ಒಬ್ಬ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದ.

"ಪರವಾನಗಿ ಎಲ್ಲಿ? ಹಾಡೋನು ಎಲ್ಲಿ?"

"ಹಾಡೋರಿಲ್ಲ, ಬಾಶಾ ಸಾಹೇಬ್ರೇ."

"ಹಾಡೋರಿಲ್ವಾ? ಮತ್ತೆ ಇಷ್ಟು ಜನ ಮುಖ ಇಳಿಬಿಟ್ಕೊಂಡು ಯಾಕೆ ಕೂತಿದೀರಿ, ಯಾರಾದ್ರೂ ಸತ್ರಾ?"

ಎಲ್ಲರೂ ನಕ್ಕರು. ಆಮೇಲೆ ಒಬ್ಬೊಬ್ಬರಾಗಿ ನಿಲ್ಲಿಸಿದರು. ಅಲ್ಲಿದ್ದವರಲ್ಲಿ ಅರ್ಧ ಜನ ಮುಹಾಬನನ್ನು ಬಲ್ಲವರು.

ಒಂದು ಮಾತು ಹೇಳಲೇಬೇಕು, ಬೇರೆಯವರ ಬಾಯಿಂದ ಕೇಳುವ ಬದಲು ನನ್ನಿಂದ ಕೇಳು. ಇಲ್ಲಿ ಯಾವ ಕಛೇರಿಗೆ ಹೋದರೂ ಯಾರಾದರೊಬ್ಬ ಮುಹಾಬನ ಕೊನೆಯ ಕಛೇರಿಯ ಮಾತೆತ್ತಿ "ನಾನು ಅವತ್ತು ಹತ್ತಿ ಗೋದಾಮಿನಲ್ಲಿದ್ದೆ" ಎನ್ನುತ್ತಾನೆ. ಹಾಗೆಂದವರೆಲ್ಲ ನಿಜಕ್ಕೂ ಇದ್ದಿದ್ದರೆ ಆ ಗೋದಾಮಿನ ಗೋಡೆ ಬಿರಿಯುತ್ತಿತ್ತು. ಅಂದು ತಾರಸಿಯ ಮೇಲೂ ಒಬ್ಬ ಸಿಗರೇಟು ಹಚ್ಚುತ್ತಾ, "ಆ ಕೊನೇ ಸ್ವರ ಇದ್ಯಲ್ಲ ಗುರು, ಅಂಥದ್ದು ಇನ್ನೊಬ್ಬ ಹುಟ್ಟಿ ಬಂದ್ರೂ ಮಾಡಕ್ಕಾಗಲ್ಲ. ಅವನು ಮಾಡಿದ್ದರಲ್ಲೇ ಅದು ಮೇಲು" ಎಂದ. ನನಗೆ ಅವನ ಬಾಯಿಗೆ ಹೊಡೆಯಬೇಕೆನ್ನಿಸಿತು. ಎದ್ದು ಮೆಟ್ಟಿಲಿಳಿದು ಬಂದುಬಿಟ್ಟೆ. ಹಾಜಿಂ ನನಗಿಂತ ಮೊದಲೇ ಇಳಿದು ಕೆಳಗೆ ಗೋಡೆಗೆ ಹಣೆ ಒತ್ತಿ ನಿಂತಿದ್ದ. ಆ ಮಾತನ್ನು ಅವನು ಯಾವತ್ತೂ ಕೇಳಲಾರ.

ಈಗ ಆ ದಿನದ ಬಗ್ಗೆ ಬರೆಯುತ್ತೇನೆ. ನಿನಗೆ ತಿಳಿಯದ್ದೇನಲ್ಲ. ಆದರೆ ಯಾರು ಹೇಳಲು ಹೊರಟರೂ ನೀನು ಅರ್ಧಕ್ಕೆ ಎದ್ದು ಹೋಗುತ್ತೀಯ, ಹಾಗಾಗಿ ನಿನ್ನ ತಲೆಯಲ್ಲಿರುವುದು ಆ ಮಧ್ಯಾಹ್ನದ ಒಂದು ಚೂರು ಮಾತ್ರ. ಪೂರ್ತಿ ಒಂದು ಸಲ ನನ್ನ ಜೊತೆ ಕೂತು ನೋಡು.

ಗೋದಾಮಿನ ಮಾಲೀಕ ಜಾಗ ಬಿಟ್ಟುಕೊಡುತ್ತಿದ್ದುದು ಶುಕ್ರವಾರ ಮಧ್ಯಾಹ್ನ ಮಾತ್ರ, ಅದೂ ಸಂಜೆಯ ಆಜಾನ್‌ವರೆಗೆ, ಉಳಿದ ದಿನ ಅಲ್ಲಿ ಮೂಟೆ ಇಳಿಯುತ್ತಿತ್ತು. ಅದರಿಂದಲೇ ತಾನೇ ಮುಹಾಬನ ಆ ಪದ್ಧತಿ ಹುಟ್ಟಿದ್ದು. ನಿಮ್ಮ ಅಲೆಕ್ಸಾಂಡ್ರಿಯಾದ ರಮ್ಲ್ ಟ್ರಾಮಿನ ಕಿರಿಚಾಟ, ಷರಬತ್ತಿನವನ ಹಿತ್ತಾಳೆ ತಾಳ, ಬಲೆ ಎಳೆಯುವವರ ಉಸಿರು, ಎಲ್ಲವನ್ನೂ ರೆಕಾರ್ಡ್ ಮಾಡಿ ಯಂತ್ರಗಳಲ್ಲಿ ಕೂಡಿಹಾಕಿ ನುಡಿಸಿ, ಕೊನೆಗೆ ಒಂದೇ ಒಂದು ಉದ್ದನೆಯ ಸ್ವರ ಉಳಿಸಿಕೊಳ್ಳುತ್ತಿದ್ದ. ಗುಂಡಿಯ ಮೇಲೆ ಬೆರಳಿಟ್ಟು ಅದನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ, ಸಂಜೆಯ ಆಜಾನ್ ಮೊದಲಾಗುತ್ತಿದ್ದಂತೆ ಸೊನ್ನೆಗೆ ಇಳಿಸುತ್ತಿದ್ದ. ಸ್ವರ ಆರುವುದೂ ಹೊರಗೆ ಮಿನಾರಿನ ದನಿ ಏಳುವುದೂ ಒಂದೇ ಕ್ಷಣ. "ಆಜಾನಿಗೆ ಒಪ್ಪಿಸೋದು" ಎನ್ನುತ್ತಿದ್ದ. ಎಷ್ಟು ತುಂಟನಾದರೂ ಅದನ್ನು ಒಂದು ಸಲವೂ ತಪ್ಪಿಸಿದವನಲ್ಲ. ಆ ಸ್ವರ ನಡೆಯುವಾಗ ನಾವೆಲ್ಲ ಕಣ್ಣು ಮುಚ್ಚಿ ನಿಲ್ಲುತ್ತಿದ್ದೆವು. ಯಾರಾದರೂ ಕೆಮ್ಮಿದರೂ ಹತ್ತು ಜನ ತಿರುಗಿ ನೋಡುತ್ತಿದ್ದರು.

ಅಂದು ಮಳೆಗಾಳಿಯ ದಿನ. ತಗಡಿನ ಮೇಲೆ ಮಳೆ, ಕಡಲಿನ ಕಡೆಯ ಬಾಗಿಲು ಬಡಿದುಕೊಳ್ಳುತ್ತಿತ್ತು. ಮುಹಾಬ್ ಯಾವಾಗಲೂ ಕೂರುವಂತೆ ಯಂತ್ರಗಳ ಮೇಲೆ ಬಗ್ಗಿ ಕೂತಿದ್ದ, ಕೂದಲು ಮುಖದ ಮೇಲೆ. ಕೊನೆಯ ಸ್ವರ ಬಂತು. ನಾವು ಕಣ್ಣು ಮುಚ್ಚಿದೆವು. ಅವನು ತಲೆಯನ್ನು ಇನ್ನೂ ಕೆಳಗೆ ಇಳಿಸಿ ಹಣೆಯನ್ನು ಯಂತ್ರಕ್ಕೆ ತಾಗಿಸಿದ್ದನ್ನು ನಾನೂ ನೋಡಿದೆ, ಶಹೀರಾ. ಎಷ್ಟು ತನ್ಮಯನಾಗಿದ್ದಾನೆ ಎಂದುಕೊಂಡು ಮತ್ತೆ ಕಣ್ಣು ಮುಚ್ಚಿದೆ. ಅವನ ಗೆಳೆಯ ಬಾಸಿಲ್ ನಮ್ಮ ಹಿಂದೆ ನಿಂತಿದ್ದ. "ಏನೋ ಸರಿಯಿಲ್ಲ ಅನ್ಸುತ್ತೆ" ಎಂದ. ನೀನು ತಿರುಗದೆಯೇ "ಶ್" ಎಂದೆ.

ಅಷ್ಟೇ. ನೀನು ಮಾಡಿದ್ದು ಅಷ್ಟೇ.

ಆಮೇಲೆ ಆಜಾನ್ ಶುರುವಾಯಿತು, ಸ್ವರ ನಿಲ್ಲಲಿಲ್ಲ. ಮಿನಾರಿನ ದನಿಯ ಮೇಲೆ ಅದು ಹಾಗೇ ಕೊರೆಯುತ್ತಾ ಹೋಯಿತು. ಯಾರೋ ಸಿಟ್ಟಿನಿಂದ "ಏಯ್, ಆಜಾನ್ ಆಗ್ತಿದೆ, ನಾಚ್ಕೆ ಆಗಲ್ವಾ, ನಿಲ್ಸೋ!" ಎಂದು ಕೂಗಿದರು. ಆಗಲೇ ಎಲ್ಲರಿಗೂ ಒಟ್ಟಿಗೆ ಗೊತ್ತಾದದ್ದು. ಮುಹಾಬ್ ಆಜಾನ್ ಮೀರುವವನಲ್ಲ. ಬಾಸಿಲ್ ಮೇಜು ಹಾರಿದ. ಹಾಜಿಂ ತಂತಿಗಳನ್ನೇ ಕಿತ್ತ. ಮುಹಾಬನನ್ನು ಎತ್ತಿದಾಗ ಅವನ ಕಣ್ಣು ತೆರೆದೇ ಇತ್ತು.

ಆಸ್ಪತ್ರೆಯಲ್ಲಿ ಡಾಕ್ಟರ್, ಮಿದುಳಿನಲ್ಲಿ ರಕ್ತನಾಳ ಒಡೆದಿದೆ, ಸ್ವಲ್ಪ ಮೊದಲೇ ತಂದಿದ್ದರೆ ಏನಾದರೂ ಮಾಡಬಹುದಿತ್ತೇನೋ ಎಂದರು. ಅವರು ಕೈ ತೊಳೆಯಲು ಹೋದರು. ನೀನು ಆ ಕಾರಿಡಾರಿನಲ್ಲಿ ನಿನ್ನ ಬಾಯಿಗೆ ನೀನೇ ಹೊಡೆದುಕೊಳ್ಳತೊಡಗಿದೆ. "ಬಾಸಿಲ್ ಹೇಳ್ದ, ನಾನೇ ಬಾಯಿ ಮುಚ್ಚಿಸ್ದೆ! ನಾನೇ! ಈ ಬಾಯೇ!" ನಿನ್ನ ಕೈ ಹಿಡಿದು ತಡೆದವರು ಹಾಜಿಂ ಮತ್ತು ನಾನು. ನಿನ್ನ ತುಟಿ ಒಡೆದ ರಕ್ತ ಅವನ ಅಂಗಿಯ ತೋಳಿಗೆ ಆಗಿತ್ತು.

ಅಂದಿನಿಂದ ನಿನ್ನ ಮನೆಯಲ್ಲಿ ಸದ್ದಿಲ್ಲ. ತಾಂತ್ ಸುಹೈರ್ ಬೆಳಗಿನ ಕುರ್‌ಆನ್ ಕೇಳಲು ರೇಡಿಯೊವನ್ನು ಬಾಲ್ಕನಿಗೆ ತೆಗೆದುಕೊಂಡು ಹೋಗುತ್ತಾರಂತೆ. ನೀನು ಶಾಲೆಯಲ್ಲಿ ಹಾಡು ಕಲಿಸುವ ಕೆಲಸ ಬಿಟ್ಟದ್ದು ಯಾಕೆಂದು ನನಗೆ ಅವರೇ ಹೇಳಿದರು. ಹಾಡಿನ ತರಗತಿಯಲ್ಲಿ ಮಕ್ಕಳು ಗಲಾಟೆ ಮಾಡಿದರೆ ಸುಮ್ಮನಿರಿ ಎನ್ನಲು ನಿನ್ನ ಬಾಯಿ ಏಳುತ್ತಿರಲಿಲ್ಲವಂತೆ, ಗಲಾಟೆಯ ನಡುವೆ ನೀನು ಅಳುತ್ತಾ ನಿಂತಿರುತ್ತಿದ್ದೆಯಂತೆ. ಈಗ ಊಟವನ್ನೂ ಕೋಣೆಗೇ ತರಿಸಿಕೊಳ್ಳುತ್ತೀಯಂತೆ, ತಟ್ಟೆ ಹೋದ ಹಾಗೇ ವಾಪಸ್ ಬರುತ್ತದಂತೆ. "ಒಂದು ಮಗೂನ ಮಣ್ಣಿಗಿಟ್ಟೆ, ಇನ್ನೊಂದು ಕಣ್ಮುಂದೇನೇ ಕರಗ್ತಿದೆ ಯುಮ್ನಾ" ಎಂದರು ನಿನ್ನ ಅಮ್ಮ. ಈ ಶುಕ್ರವಾರ ಹಳೇ ಸಾಮಾನಿನವನನ್ನು ಕರೆದು ಮುಹಾಬನ ಯಂತ್ರಗಳನ್ನೆಲ್ಲ ಹೊರಿಸಿಬಿಡುತ್ತೀಯ ಎಂದೂ ಗೊತ್ತಾಯಿತು. ಬೇಡ ಕಣೇ. ಅದೊಂದು ಬೇಡ.

ಇಷ್ಟೆಲ್ಲ ಯಾಕೆ ಬರೆದೆನೆಂದರೆ, ಈಗ ಸಿಕ್ಕಿರುವುದು ಸಾಮಾನ್ಯ ವಸ್ತುವಲ್ಲ. ನಮ್ಮ ಅತ್ತೆ ಹಾಜಿಂನ ಹಳೆಯ ಕೋಣೆಯನ್ನು ಖಾಲಿ ಮಾಡಿ ಎಲ್ಲವನ್ನೂ ಪೆಟ್ಟಿಗೆಗೆ ತುಂಬಿ ಇಲ್ಲಿಗೆ ಕಳಿಸಿದ್ದಾರೆ. ಜಾಗ ಸಾಲದೆ ಅರ್ಧವನ್ನು ಗಾಜಿನ ಬೀರುವಿಗೆ ತುರುಕಿದ್ದೆವು. ಆ ಬೀರು ಬಂದವರಿಗೆ ತೋರಿಸಲಷ್ಟೇ, ಅದರ ಕಪ್ಪುಗಳಲ್ಲಿ ಯಾರೂ ಚಹಾ ಕುಡಿಯುವುದಿಲ್ಲ, ಅದರ ಬಾಗಿಲು ತೆರೆಯುವುದೂ ಇಲ್ಲ, ಯಾವ ಮದುವಣಗಿತ್ತಿ ತೆರೆಯುತ್ತಾಳೆ ಹೇಳು! ಇವತ್ತು ಚಾರ್ಜರ್ ಹುಡುಕುತ್ತಾ ತೆರೆದೆ. ಒಂದು ಉಣ್ಣೆಯ ಸ್ವೆಟರಿನೊಳಗೆ ಸುತ್ತಿದ ಪುಟ್ಟ ರೆಕಾರ್ಡರ್. ಅದರ ಬೆನ್ನಿಗೆ ಅಂಟಿಸಿದ ಟೇಪಿನ ಮೇಲೆ ಹಾಜಿಂನ ಅಕ್ಷರದಲ್ಲಿ ಗೋದಾಮಿನ ಹೆಸರು, ಆ ಶುಕ್ರವಾರದ ತಾರೀಕು.

ಪಾಪ, ಅವನಿಗೇ ಗೊತ್ತಿಲ್ಲ! ಓಡಲಿಲ್ಲ ಎಂದುಕೊಂಡು ಆ ದುಃಖದಲ್ಲಿ ಎಲ್ಲೋ ಎಸೆದಿದ್ದಾನೆ, ಅತ್ತೆ ಸ್ವೆಟರಿನ ಜೊತೆ ಸುತ್ತಿಬಿಟ್ಟಿದ್ದಾರೆ. ಚಾರ್ಜಿಗೆ ಹಾಕಿದಾಗ ಹಸಿರು ದೀಪ ಬಂತು. ಒಳಗೆ ಎರಡು ಪದರಗಳಿವೆ. ಒಂದು ಸಭೆಯದು, ನಾವೆಲ್ಲ ಕೇಳಿದ್ದು. ಇನ್ನೊಂದು ಮಾತಿನ ಮೈಕಿನದು. ನಿನಗೆ ನೆನಪಿದೆಯಲ್ಲ, ಮುಹಾಬನ ಮೇಜಿನ ಮೇಲೆ ಒಂದು ಪುಟ್ಟ ಮೈಕ್ ಇರುತ್ತಿತ್ತು. ಅದರಲ್ಲಿ ಅವನು ಆಡಿದ್ದು ಹಾಜಿಂನ ಹೆಡ್‌ಫೋನಿಗೆ ಮಾತ್ರ, ಹಾಜಿಂ ಆಡಿದ್ದು ಅವನ ಒಂದು ಕಿವಿಗೆ ಮಾತ್ರ. ಸಭೆಗೆ ಕೇಳಿಸದು. ಬೇಸ್ ಏರಿಸು, ಆ ದೀಪ ಆರಿಸು ಎಂದೆಲ್ಲ ಮಾತಾಡಿಕೊಳ್ಳಲು.

ನಾನು ಇನ್ನೂ ಕೇಳಿಲ್ಲ. ಹಾಜಿಂ ಇಸ್ಮಾಯಿಲಿಯಾಕ್ಕೆ ಒಂದು ಮದುವೆಯ ಸೌಂಡಿಗೆ ಹೋಗಿದ್ದಾನೆ, ನಾಳೆ ಬರುತ್ತಾನೆ. ಇಬ್ಬರೂ ಕೂತು ಒಟ್ಟಿಗೆ ಕೇಳುತ್ತೇವೆ. ಆಮೇಲೆ ಒಟ್ಟಿಗೆ ಅಲೆಕ್ಸಾಂಡ್ರಿಯಾಕ್ಕೆ ಬಂದು ನಿನ್ನ ಅಮ್ಮನಿಗೂ ನಿನಗೂ ಕೇಳಿಸುತ್ತೇವೆ. ಆಗ ನಿನ್ನ ಕಿವಿಯಾರೆ ನಿನಗೇ ಗೊತ್ತಾಗುತ್ತದೆ. ಆ ಸ್ವರದೊಳಗೆ ಯಾವ ಸುಳಿವೂ ಇರಲಿಲ್ಲ, ಯಾರಿಗೂ ತಿಳಿಯುವ ಹಾಗಿರಲಿಲ್ಲ, ನಿನ್ನ ಒಂದು "ಶ್" ಯಾರನ್ನೂ ಕೊಂದಿಲ್ಲ. ನಾನು ಹೇಳಿದರೆ ಸಮಾಧಾನದ ಮಾತು ಎನ್ನುತ್ತೀಯ. ಅದು ಹೇಳಿದರೆ ನಂಬುತ್ತೀಯ ತಾನೇ?

ಊಟ ಮಾಡು. ತಾಂತ್ ಕೈಗೆ ನನ್ನ ಮುತ್ತು.

ನಿನ್ನನ್ನು ಕಂಡ ಕೂಡಲೇ ಅಪ್ಪಿಕೊಂಡು ಮೂಳೆ ಮುರಿಯಲಿರುವ,
ಯುಮ್ನಾ

ತಾಜಾ ಕಲಮು, ಬುಧವಾರ:

ಮೇಲಿನದನ್ನು ಹರಿದು ಹಾಕಿ ಬೇರೆ ಬರೆಯಬೇಕೆಂದುಕೊಂಡೆ. ಆಗಲಿಲ್ಲ. ನಿನ್ನೆ ನಾನು ಏನು ನಂಬಿದ್ದೆ ಎಂಬುದೂ ನಿನಗೆ ಗೊತ್ತಿರಲಿ.

ನನಗೆ ಕಾಯಲಾಗಲಿಲ್ಲ. ಬೆಳಿಗ್ಗೆ ಊಟದ ಮೇಜಿನ ಮುಂದೆ ಕೂತು ಕೇಳಿದೆ. ಮೊದಲು ಸಭೆಯ ಪದರ. ಮಳೆ ಇದೆ, ಬಾಗಿಲು ಬಡಿಯುವುದಿದೆ, ಮುಹಾಬನ ಟ್ರಾಮ್ ಇದೆ. ಕೊನೆಯ ಸ್ವರ ಬಂದಾಗ ಅದು ಬದುಕಿದೆ, ಶಹೀರಾ, ಅವನ ಬೆರಳಿನ ಜೊತೆ ತಿರುಗುತ್ತಿದೆ, ಉಸಿರಾಡುತ್ತಿದೆ. ಆಮೇಲೆ ಒಂದು ಕಡೆ ತಿರುಗುವುದು ನಿಲ್ಲುತ್ತದೆ. ಅಲ್ಲಿಂದ ಮುಂದೆ ಅದು ಬರಿಯ ಯಂತ್ರದ ಸದ್ದು. ಅಂದು ನಮಗೆ ಅದು ಕೇಳಿಸಲಿಲ್ಲ. ಬಾಸಿಲ್ ಮಾತು ಬರುವುದು, ನಿನ್ನ "ಶ್" ಬರುವುದು ಅದಾದ ಎಷ್ಟೋ ಹೊತ್ತಿನ ಮೇಲೆ. ಆಮೇಲೆ ಆಜಾನ್.

ಅಷ್ಟಕ್ಕೇ ಬಿಟ್ಟಿದ್ದರೆ ನಾನು ಇನ್ನೂ ಸುಖಿಯಾಗಿರುತ್ತಿದ್ದೆ. ಎರಡನೆಯ ಪದರವನ್ನೂ ಹಾಕಿದೆ.

ಶುರುವಿನಲ್ಲಿ ಎಲ್ಲ ತಮಾಷೆ. "ಹಾಜಿಂ, ಸತ್ತೆ ಕಣೋ ಚಳೀಗೆ, ಒಂದು ಟೀ ಕಳ್ಸೋ ಕಂಜೂಸ್." ಹಾಜಿಂ ನಗುತ್ತಾನೆ. ನಡುವೆ ಇನ್ನೊಮ್ಮೆ, "ಮುಂದಿನ ಸಾಲಲ್ಲಿ ಒಬ್ಬ ಗೊರಕೆ ಹೊಡೀತಿದಾನೆ, ನಾನು ಸತ್ತೆ." ಪ್ರತಿ ಕಛೇರಿಯಲ್ಲೂ ಅವನ ಮಾತೇ ಹೀಗೆ, ನಿನಗೆ ಗೊತ್ತು. ಕೊನೆಯ ಸ್ವರ ಶುರುವಾಗಿ ಸ್ವಲ್ಪ ಹೊತ್ತಿಗೆ, ಅದು ಇನ್ನೂ ತಿರುಗುತ್ತಿರುವಾಗಲೇ, ಮುಹಾಬ್ ಮೆಲ್ಲಗೆ ಹೇಳುತ್ತಾನೆ.

"ಹಾಜಿಂ, ನಿಲ್ಸೋ. ತಲೆ ಹೇಗೋ ಆಗ್ತಿದೆ. ಕಣ್ಣು ಕಾಣ್ತಿಲ್ಲ."

ಹಾಜಿಂ ದನಿ ಹತ್ತಿರದಲ್ಲೇ ಇದೆ. ಅದೇ ದನಿ, ನನ್ನನ್ನು ಬೆಳಿಗ್ಗೆ ಎಬ್ಬಿಸುವ ದನಿ.

"ಆಜಾನ್‌ವರ್ಗೂ ತಡ್ಕೊಳೋ ಮಾರಾಯ. ತುಂಬಾ ಚೆನ್ನಾಗಿ ಬರ್ತಿದೆ."

"ನಿಲ್ಸೋ."

ಆಮೇಲೆ ಏನೋ ಮೇಜಿಗೆ ತಾಗುವ ಸದ್ದು. ಆಮೇಲೆ ಉಸಿರು. ಅದನ್ನು ನಾನು ಬರೆಯುವುದಿಲ್ಲ.

ಅವನು ಕರೆದ. ಕರೆದದ್ದು ನಿನ್ನನ್ನಲ್ಲ. ಬಾಸಿಲ್‌ನ ಬಾಯಿ ನೀನು ಮುಚ್ಚಿಸುವುದಕ್ಕೆ ಮೊದಲೇ ನಿಲ್ಲಿಸಬಲ್ಲ ಒಬ್ಬನಿಗೆ ಅವನು ಎರಡು ಸಲ ಹೇಳಿಯಾಗಿತ್ತು.

ಮಧ್ಯಾಹ್ನ ಹಾಜಿಂ ಬಂದ. ಮೇಜಿನ ಮೇಲಿದ್ದ ರೆಕಾರ್ಡರ್ ನೋಡಿದವನು ಬೂಟು ಬಿಚ್ಚದೆ ಬಾಗಿಲಲ್ಲೇ ನೆಲಕ್ಕೆ ಕೂತುಬಿಟ್ಟ. "ತಮಾಷೆ ಅಂದ್ಕೊಂಡೆ ಯುಮ್ನಾ. ಪ್ರತಿ ಸಲ ಸತ್ತೆ ಸತ್ತೆ ಅಂತಿದ್ದ ಅವನು. ನೀನಾದ್ರೂ ಹಾಗೇ ಅಂದ್ಕೋತಿದ್ದೆ." ಇರಬಹುದು. ಅದಕ್ಕೆ ನಾನು ಅವನನ್ನು ದೂರಲಿಲ್ಲ, ದೂರಲಾರೆ. ನಾನು ಕೇಳಿದ್ದು ಆಸ್ಪತ್ರೆಯ ಮಾತು. "ಶಹೀರಾ ತನ್ನ ಬಾಯಿಗೆ ತಾನೇ ಹೊಡ್ಕೊಳ್ತಿದ್ಲು, ನೀನು ಅವಳ ಕೈ ಹಿಡ್ಕೊಂಡಿದ್ದೆ, ಆಗ ಯಾಕೆ ಹೇಳ್ಲಿಲ್ಲ?" ಎಂದೆ. ಅವನು ಬೂಟಿನ ದಾರ ಬಿಚ್ಚಿ ಮತ್ತೆ ಕಟ್ಟಿದ.

"ಹೇಳಕ್ಕೇ ಅಂತ ಬಂದಿದ್ದೆ. ಅಷ್ಟರಲ್ಲಿ ಅವಳೇ ತನ್ನ ಮೇಲೆ ಹಾಕ್ಕೊಂಬಿಟ್ಲು."

ಹಾಗಾದರೆ ಇದನ್ನು ಅಳಿಸಲಿಲ್ಲವೇಕೆ ಎಂದೆ. "ಅವನ ದನಿ ಇರೋದು ಅದೊಂದರಲ್ಲೇ" ಎಂದ.

ಈಗ ಒಳಗಿನ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದಾನೆ. ನಾನು ಬೇಳೆ ಇಟ್ಟೆ, ಅವನು ಉಣ್ಣಲಿಲ್ಲ, ನಾನೂ ಉಣ್ಣಲಿಲ್ಲ. ಅವನನ್ನು ಏನು ಮಾಡಬೇಕೆಂದು ನನಗೆ ಗೊತ್ತಿಲ್ಲ, ಶಹೀರಾ. ಬಿಟ್ಟುಬಿಡಬೇಕೋ, ಬೈಯಬೇಕೋ, ಕೂದಲು ನೇವರಿಸಬೇಕೋ. ಎರಡು ವರ್ಷ ನಿನ್ನನ್ನು ಆ ಕೋಣೆಯಲ್ಲಿ ಕೂರಿಸಿ, ನಿನ್ನ ಅಮ್ಮನ ಕೈಯಿಂದ ಮದುವೆಯ ಆಶೀರ್ವಾದ ತೆಗೆದುಕೊಂಡವನು ಇವನು. ದ್ವೇಷ ಮಾಡಲು ನೋಡುತ್ತೇನೆ, ಇನ್ನೂ ಬರುತ್ತಿಲ್ಲ. ಇಸ್ಮಾಯಿಲಿಯಾದಿಂದ ನನಗೆಂದು ಮಾವಿನ ಉಪ್ಪಿನಕಾಯಿ ತಂದಿದ್ದಾನೆ, ಬಾಗಿಲ ಬಳಿ ಇನ್ನೂ ಚೀಲದಲ್ಲೇ ಇದೆ.

ನನ್ನ ಜೊತೆ ಬಂದು ತಾನೇ ನಿನಗೆ ಹೇಳುತ್ತೇನೆ ಎಂದ. ಬೇಡ ಎಂದೆ. ಮೊದಲು ನೀನು ಕೇಳು. ಅವನ ಮುಖ ನೋಡುವುದೋ ಬಿಡುವುದೋ ಆಮೇಲೆ ನೀನೇ ಹೇಳುವೆಯಂತೆ. ಸಭೆಯ ಪದರ ನಿನ್ನ ಅಮ್ಮನದು, ಅವರು ಅದನ್ನು ಕೇಳಲಿ, ಫ್ರಿಜ್ಜಿನ ಸದ್ದು ಎಂದರೂ ಸರಿ. ಇನ್ನೊಂದನ್ನು ಅವರಿಗೆ ಕೇಳಿಸಬೇಕೋ ಬೇಡವೋ ಎಂಬುದನ್ನು ನಾನೊಬ್ಬಳೇ ಹೊರಲಾರೆ, ಇಬ್ಬರೂ ಕೂತು ಯೋಚಿಸೋಣ.

ಈ ಕಾಗದವನ್ನು ನಾಳೆ ಆ ಕಡೆ ಹೊರಟಿರುವ ನನ್ನ ಅಣ್ಣನ ಕೈಯಲ್ಲಿ ಕಳಿಸುತ್ತಿದ್ದೇನೆ, ನಿನ್ನ ಕೈಗೇ ಕೊಡಲು ಹೇಳಿದ್ದೇನೆ. ಹಳೇ ಸಾಮಾನಿನವನು ಬಂದರೆ ಬಾಗಿಲಲ್ಲೇ ನಿಲ್ಲಿಸು, ಒಂದು ತಂತಿಯನ್ನೂ ಮುಟ್ಟಗೊಡಬೇಡ. ರೆಕಾರ್ಡರ್ ಹಿಡಿದು ನಾನು ಒಬ್ಬಳೇ ಬರುತ್ತಿದ್ದೇನೆ. ಶುಕ್ರವಾರ, ಬೆಳಗಿನ ಮೊದಲ ಸ್ಪ್ಯಾನಿಷ್ ರೈಲುಗಾಡಿ, ಸೀದಿ ಗಾಬಿರ್ ನಿಲ್ದಾಣದಲ್ಲಿ ಇಳಿಯುತ್ತೇನೆ.